ವಿಂಡೋಸ್ ಕಣ್ಣು ಬಿಡುವ ಮುನ್ನ

2018ರಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಒಂದು ಕಂಪ್ಯೂಟರ್ ಇದೆ ಎಂದಿಟ್ಟುಕೊಳ್ಳೋಣ. ಒಳಗೆ ಇಂಟೆಲ್‌ನ ಎಂಟನೇ ತಲೆಮಾರಿನ ಕೋರ್ ಐ5-8400 ಪ್ರೊಸೆಸರ್, ಆರು ಕೋರ್. 8 ಜಿಬಿ ರ್‍ಯಾಮ್. ಆಮೇಲೆಂದೋ ಹಾಕಿಸಿದ ಎಸ್‌ಎಸ್‌ಡಿ. ಅಂಗಡಿಯ ಲೆಕ್ಕ, ಮಕ್ಕಳ ಪ್ರಾಜೆಕ್ಟು, ನುಡಿಯಲ್ಲಿ ಟೈಪಿಂಗ್ ಯಾವುದಕ್ಕೂ ತಿಣುಕುವ ಯಂತ್ರವಲ್ಲ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿದರೆ ಅದು ಮುಲಾಜಿಲ್ಲದೆ ಹೇಳುತ್ತದೆ: ಈ ಕಂಪ್ಯೂಟರ್ ವಿಂಡೋಸ್ 11ಕ್ಕೆ ಆಗದು. ಟಿಪಿಎಂ 2.0 ಕಾಣುತ್ತಿಲ್ಲ, ಸೆಕ್ಯೂರ್ ಬೂಟ್ ಇಲ್ಲ.

ತಮಾಷೆಯೆಂದರೆ ಎರಡೂ ಆ ಡಬ್ಬಿಯೊಳಗೇ ಇವೆ. ಅವುಗಳ ಸ್ವಿಚ್ ಹಾಕಿಲ್ಲ, ಅಷ್ಟೆ.

ಆ ಸ್ವಿಚ್ಚುಗಳು ವಿಂಡೋಸ್‌ನಲ್ಲಿಲ್ಲ, ಅದರ ಕೆಳಗಿರುವ ಫರ್ಮ್‌ವೇರ್‌ನಲ್ಲಿವೆ. ಪವರ್ ಗುಂಡಿ ಒತ್ತಿದ ಕ್ಷಣದಲ್ಲಿ ಪ್ರೊಸೆಸರ್‌ಗೆ ಡಿಸ್ಕ್ ಎಂದರೇನೆಂದು ಗೊತ್ತಿರುವುದಿಲ್ಲ; ಮುಖ್ಯ ಮೆಮೊರಿಯೂ ಇನ್ನೂ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ವಿಳಾಸ: 4 ಜಿಬಿ ವ್ಯಾಪ್ತಿಯ ತುತ್ತತುದಿಯಿಂದ 16 ಬೈಟ್ ಕೆಳಗಿನ ಜಾಗ. ಅಲ್ಲಿ ಸಿಗುವ ಮೊದಲ ಆದೇಶ ಬರುವುದು ಮದರ್‌ಬೋರ್ಡಿನ ಮೇಲಿನ ಎಂಟು ಕಾಲಿನ ಪುಟ್ಟ ಫ್ಲ್ಯಾಶ್ ಚಿಪ್‌ನಿಂದ. ರ್‍ಯಾಮ್ ಎಬ್ಬಿಸುವುದು, ಕೀಬೋರ್ಡು, ಡಿಸ್ಪ್ಲೇ, ಡಿಸ್ಕುಗಳನ್ನು ಹುಡುಕಿ ಲೆಕ್ಕ ಹಾಕುವುದು, ಕೊನೆಗೆ ವಿಂಡೋಸ್‌ನ ಬೂಟ್ ತಂತ್ರಾಂಶಕ್ಕೆ ಕೆಲಸ ಒಪ್ಪಿಸುವುದು, ಎಲ್ಲವೂ ಆ ಚಿಪ್‌ನಲ್ಲಿರುವ ತಂತ್ರಾಂಶದ ಕೆಲಸ. ರೂಢಿಯಲ್ಲಿ ಎಲ್ಲರೂ ಅದನ್ನು ಬಯಾಸ್ ಎನ್ನುತ್ತಾರೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಇಂದಿನದು ಬಯಾಸ್ ಅಲ್ಲ, ಯುಇಎಫ್ಐ. ಈ ಎರಡು ಹೆಸರುಗಳ ನಡುವಿನ ಅಂತರದಲ್ಲೇ ಅಪ್‌ಗ್ರೇಡ್‌ನ ಮುಕ್ಕಾಲು ಪಾಲು ತಾಪತ್ರಯ ಅಡಗಿದೆ.

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯ ಬಯಾಸ್ ಬರೀ 8 ಕಿಲೋಬೈಟ್. 1983ರಲ್ಲಿ ಪಿಸಿ ಡಾಸ್ 2.0 ಜೊತೆಗೆ ಹಾರ್ಡ್‌ಡಿಸ್ಕ್ ಬಂದಾಗ ಒಂದು ಒಪ್ಪಂದವೂ ಬಂತು. ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಬಯಾಸ್ ಓದುತ್ತದೆ. ಅದರಲ್ಲಿ 446 ಬೈಟ್ ಬೂಟ್ ಮಾಡುವ ಆದೇಶಗಳಿಗೆ, 64 ಬೈಟ್ ನಾಲ್ಕು ಪಾರ್ಟಿಷನ್‌ಗಳ ಪಟ್ಟಿಗೆ, ಉಳಿದೆರಡು ಬೈಟ್ ಗುರುತಿಗೆ. ಇದೇ ಎಂಬಿಆರ್. ಹತ್ತು ಮೆಗಾಬೈಟ್ ಡಿಸ್ಕೇ ದೊಡ್ಡದೆನಿಸಿದ್ದ ಕಾಲದ ಈ ಏರ್ಪಾಡು ಸುಮಾರು 2 ಟೆರಾಬೈಟ್ ದಾಟಿದರೆ ಎಣಿಸಲಾರದು. ಅದಕ್ಕಿಂತ ದೊಡ್ಡ ಕೊರತೆ ಬೇರೆ. ಆ 446 ಬೈಟ್‌ನಲ್ಲಿ ಯಾರು ಏನೇ ಬರೆದಿಟ್ಟರೂ ಬಯಾಸ್ ಪ್ರಶ್ನೆ ಕೇಳದೆ ಓಡಿಸುತ್ತದೆ.

ಈ ಮುಗ್ಧತೆಯನ್ನು ಲಾಹೋರಿನ ಇಬ್ಬರು ಸಹೋದರರು 1986ರಲ್ಲೇ ಜಗತ್ತಿಗೆ ತೋರಿಸಿಕೊಟ್ಟರು. ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಬರೆದ 'ಬ್ರೇನ್' ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ಮನೆ ಮಾಡುತ್ತಿತ್ತು. ಪಿಸಿಗಳ ಮೊದಲ ವೈರಸ್ ಎಂಬ ಹೆಸರು ಅದಕ್ಕಿದೆ. ಒಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರನ್ನೂ ಅವರು ಬರೆದಿಟ್ಟಿದ್ದರು. ಕಳ್ಳ ವಿಸಿಟಿಂಗ್ ಕಾರ್ಡ್ ಇಟ್ಟು ಹೋದ ಹಾಗೆ! ಆಮೇಲೆ ಬಂದವರು ಅಷ್ಟು ಸಭ್ಯರಾಗಿರಲಿಲ್ಲ. ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ಒಳಗೆ ಸೇರಿಕೊಂಡವನನ್ನು ಆಂಟಿವೈರಸ್ ಹಿಡಿಯುವುದು ಬಹಳ ಕಷ್ಟ, ಏಕೆಂದರೆ ಅದು ಕೆಲಸಕ್ಕೆ ಬರುವಷ್ಟರಲ್ಲಿ ಮನೆಯ ಯಜಮಾನಿಕೆ ಕೈಬದಲಾಗಿರುತ್ತದೆ.

ಹೊಸ ದಾರಿ ಹುಟ್ಟಿದ್ದು ವೈರಸ್ ಭಯದಿಂದಲ್ಲ. 1990ರ ದಶಕದ ಕೊನೆಯಲ್ಲಿ ಇಂಟೆಲ್ ತನ್ನ ಐಟೇನಿಯಂ ಪ್ರೊಸೆಸರಿಗೆ ಹಳೆಯ 16-ಬಿಟ್ ಬಯಾಸ್ ಹೊಂದದೆಂದು ಇಎಫ್ಐ ರೂಪಿಸಿತು. ಐಟೇನಿಯಂ ಮೂಲೆ ಸೇರಿತು, ಇಎಫ್ಐ ಉಳಿಯಿತು. 2005ರಲ್ಲಿ ಹಲವು ಕಂಪನಿಗಳ ಕೂಟವೊಂದು ಅದನ್ನು ವಹಿಸಿಕೊಂಡು ಯುಇಎಫ್ಐ ಮಾಡಿತು. ಇದು 512 ಬೈಟ್‌ಗೆ ಜೋತುಬೀಳುವುದಿಲ್ಲ. ಡಿಸ್ಕಿನಲ್ಲಿ ತನಗೆಂದೇ ಇರುವ ಚಿಕ್ಕ ಪಾರ್ಟಿಷನ್ ತೆರೆದು, ಅದರಲ್ಲಿರುವ ಬೂಟ್ ಫೈಲನ್ನು ಹೆಸರಿನಿಂದ ಹುಡುಕುತ್ತದೆ. ಪಾರ್ಟಿಷನ್ ಪಟ್ಟಿಯೂ ಬದಲಾಗಿದೆ: ಜಿಪಿಟಿ. ವಿಂಡೋಸ್‌ನಲ್ಲಿ ಅದು 128 ಪಾರ್ಟಿಷನ್ ಹಿಡಿಸಬಲ್ಲದು.

ಆದರೆ ಹಳೆಯ ವಿಂಡೋಸ್, ಹಳೆಯ ಕಾರ್ಡುಗಳನ್ನು ಒಮ್ಮೆಲೇ ಬೀದಿಗೆ ತಳ್ಳುವಂತಿರಲಿಲ್ಲ. ಹಾಗಾಗಿ ಯುಇಎಫ್ಐ ಒಳಗೆ ಬಯಾಸ್‌ನ ವೇಷ ಹಾಕುವ ಒಂದು ಭಾಗ ಇಟ್ಟರು. ಸೆಟಪ್ ಪರದೆಯಲ್ಲಿ ಅದರ ಹೆಸರು ಸಿಎಸ್ಎಂ, ಕೆಲವೆಡೆ ಲೆಗಸಿ. ವಿಂಡೋಸ್ 7 ಹಾಕುತ್ತ ಕೈ ಪಳಗಿದ ಎಷ್ಟೋ ರಿಪೇರಿಯವರು 2018ರಲ್ಲೂ ಅದೇ ಪೆನ್‌ಡ್ರೈವ್, ಅದೇ ಲೆಗಸಿ ಮೋಡ್ ಎಂದು ಮುಂದುವರಿದರು. ಯಂತ್ರ ಹೊಸದು, ಬೂಟ್ ಆಗುವ ಪದ್ಧತಿ 1983ರದ್ದು. ನಮ್ಮ ಎಸ್.ಪಿ. ರಸ್ತೆಯ ಕಂಪ್ಯೂಟರಿನ ಕಥೆ ಇದೇ. ವಿಂಡೋಸ್‌ನ ಮಾಹಿತಿ ಪರದೆಯಾದ ಎಂಎಸ್‌ಇನ್ಫೋ32 ತೆರೆದು 'ಬಯಾಸ್ ಮೋಡ್' ಎಂಬ ಸಾಲು ನೋಡಿದರೆ ಎದುರಿಗೆ 'ಲೆಗಸಿ' ಎಂದಿರುತ್ತದೆ.

ಸೆಕ್ಯೂರ್ ಬೂಟ್ ಎಂಬುದು ಯುಇಎಫ್ಐಗೆ ಕೊಟ್ಟ ಕಾವಲು ಕೆಲಸ. ವಿಂಡೋಸ್ 8 ಜೊತೆ 2012ರಲ್ಲಿ ಮನೆಮನೆಗೆ ಬಂತು. ಫರ್ಮ್‌ವೇರ್ ಬಳಿ ಎರಡು ಪಟ್ಟಿಗಳಿರುತ್ತವೆ. ಒಂದರಲ್ಲಿ ಯಾರ ಡಿಜಿಟಲ್ ಸಹಿಯನ್ನು ನಂಬಬಹುದು ಎಂಬುದು, ಇನ್ನೊಂದರಲ್ಲಿ ಸಹಿಯಿದ್ದರೂ ಒಳಬಿಡಬಾರದವರು. ಎರಡನೆಯ ಪಟ್ಟಿ ಎಷ್ಟು ಮುಖ್ಯವೆಂಬುದು 2023ರಲ್ಲಿ ಭದ್ರತಾ ಸಂಸ್ಥೆ ಇಸೆಟ್ ವಿವರಿಸಿದ 'ಬ್ಲ್ಯಾಕ್‌ಲೋಟಸ್' ಎಂಬ ಕುತಂತ್ರಾಂಶದ ಪ್ರಕರಣದಲ್ಲಿ ಗೊತ್ತಾಯಿತು. ಅದು ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ 2022ರ ಜನವರಿಯಲ್ಲೇ ತೇಪೆ ಹಾಕಿತ್ತು. ಆದರೆ ದೋಷವಿದ್ದ ಹಳೆಯ ಫೈಲು ಆ ಎರಡನೆಯ ಪಟ್ಟಿಗೆ ಸೇರಿರಲಿಲ್ಲ, ಅದರ ಸಹಿ ಇನ್ನೂ ಊರ್ಜಿತವಾಗಿತ್ತು. ದಾಳಿಕೋರರು ಆ ಹಳೆಯ ಫೈಲನ್ನೇ ಹೊತ್ತು ತಂದರು, ಕಾವಲುಗಾರ ಸಹಿ ನೋಡಿ ಬಾಗಿಲು ತೆರೆದ.

ಟಿಪಿಎಂ ಕಾವಲುಗಾರನಲ್ಲ, ದಾಖಲೆಗಾರ. ಬೂಟ್‌ನ ಪ್ರತಿ ಹಂತದಲ್ಲೂ ಮುಂದೆ ಓಡಲಿರುವ ತಂತ್ರಾಂಶದ ಗಣಿತದ ಮೊಹರು ಅದರೊಳಗಿನ ರಿಜಿಸ್ಟರಿಗೆ ಸೇರುತ್ತದೆ. ಅಲ್ಲಿ ಅಳಿಸಿ ಬರೆಯುವ ಸೌಕರ್ಯವಿಲ್ಲ. ಹಳೆಯ ಬೆಲೆಗೆ ಹೊಸದನ್ನು ಬೆರೆಸಿ ಇನ್ನೊಂದು ಬೆಲೆ ಪಡೆಯುವುದಷ್ಟೇ ಸಾಧ್ಯ. ಸಾರಿಗೆ ಬಿದ್ದ ಉಪ್ಪನ್ನು ಹೆಕ್ಕಿ ತೆಗೆಯಲಾಗದಂತೆ, ಒಮ್ಮೆ ಸೇರಿದ್ದು ಸೇರಿದ ಹಾಗೇ. ಕಂಪ್ಯೂಟರ್ ಆರಿಸಿ ಹೊತ್ತಿಸಿದಾಗಲೇ ಮತ್ತೆ ಸೊನ್ನೆಯಿಂದ ಶುರು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಬಿಟ್‌ಲಾಕರ್ ತನ್ನ ಕೀಲಿಯನ್ನು ಟಿಪಿಎಂಗೆ ಒಪ್ಪಿಸುವಾಗ ಒಂದು ಷರತ್ತು ಹಾಕಿರುತ್ತದೆ: ಈ ರಿಜಿಸ್ಟರುಗಳ ಬೆಲೆ ನಿನ್ನೆಯಂತೆಯೇ ಇದ್ದರೆ ಮಾತ್ರ ಕೀಲಿ ಕೊಡು.

ಟಿಪಿಎಂಗೆ ಬೇರೆಯೇ ಚಿಪ್ ಬೇಕೆಂದೇನಿಲ್ಲ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದು ಪ್ಲಾಟ್‌ಫಾರ್ಮ್‌ನ ಒಳಗೇ ಇದೆ. 2016ರ ಜುಲೈ ನಂತರದ ಬ್ರ್ಯಾಂಡೆಡ್ ವಿಂಡೋಸ್ ಯಂತ್ರಗಳಲ್ಲಿ ಟಿಪಿಎಂ 2.0 ಚಾಲೂ ಇರಲೇಬೇಕೆಂದು ಮೈಕ್ರೋಸಾಫ್ಟ್ ನಿಯಮ ಮಾಡಿತ್ತು. ಬಿಡಿಯಾಗಿ ಮಾರುವ ಮದರ್‌ಬೋರ್ಡಿಗೆ ಆ ಕಟ್ಟು ಇರಲಿಲ್ಲ. ಹಲವು ಬೋರ್ಡುಗಳು ಅದನ್ನು ಆಫ್ ಮಾಡಿಯೇ ಬಂದವು. ಆದ್ದರಿಂದಲೇ ಅದೇ ವಯಸ್ಸಿನ ಲ್ಯಾಪ್‌ಟಾಪ್ ಸಲೀಸಾಗಿ ಪಾಸಾದರೆ ಜೋಡಿಸಿದ ಡೆಸ್ಕ್‌ಟಾಪ್ ಫೇಲಾಗುತ್ತದೆ.

ಹಾಗಾದರೆ ಸೆಟಪ್‌ಗೆ ಹೋಗಿ ಸಿಎಸ್ಎಂ ಸೇರಿ ಮೂರು ಸ್ವಿಚ್ ಬದಲಿಸಿದರೆ ಮುಗಿಯಿತೇ? ಅವಸರದಲ್ಲಿ ಹಾಗೆ ಮಾಡಿದವರ ಎದುರು ಕಪ್ಪು ಪರದೆ, ಬೂಟ್ ಮಾಡುವ ಡಿಸ್ಕೇ ಇಲ್ಲವೆಂಬ ಬಿಳಿ ಅಕ್ಷರ. ಯುಇಎಫ್ಐ ಮೋಡ್‌ಗೆ ಹೋದ ಫರ್ಮ್‌ವೇರ್ ತನ್ನ ಪಾರ್ಟಿಷನ್ ಹುಡುಕುತ್ತದೆ. ಎಂಬಿಆರ್ ಪದ್ಧತಿಯಲ್ಲಿ ಹಾಕಿದ ಡಿಸ್ಕಿನಲ್ಲಿ ಅದು ಇಲ್ಲ. ಏನೂ ಕೆಟ್ಟಿಲ್ಲ, ಲೆಗಸಿಗೆ ಮರಳಿದರೆ ವಿಂಡೋಸ್ ಎಂದಿನಂತೆ ಏಳುತ್ತದೆ. ಡಿಸ್ಕನ್ನು ಮೊದಲು ಬದಲಿಸಬೇಕು, ಮೋಡನ್ನು ಆಮೇಲೆ.

ಡಿಸ್ಕ್ ಬದಲಿಸಲು ವಿಂಡೋಸ್ 10ರ 2017ರ 1703 ಆವೃತ್ತಿಯಿಂದಲೂ ಎಂಬಿಆರ್‌ಟುಜಿಪಿಟಿ ಎಂಬ ಸಲಕರಣೆ ಒಳಗೇ ಇದೆ. ಫೈಲುಗಳನ್ನು ಮುಟ್ಟದೆ ಪಟ್ಟಿಯನ್ನಷ್ಟೇ ಹೊಸ ರೀತಿಗೆ ಬರೆಯುತ್ತದೆ, ಬೂಟ್ ಪಾರ್ಟಿಷನ್ ಮಾಡಿಕೊಡುತ್ತದೆ. ಮೊದಲು 'ವ್ಯಾಲಿಡೇಟ್' ಎಂದು ಕೇಳಿದರೆ ಆಗುತ್ತದೋ ಇಲ್ಲವೋ ಹೇಳುತ್ತದೆ. ನಮ್ಮ ಕಡೆ ಬಹಳ ಸಲ ಇಲ್ಲ ಎನ್ನುವುದಕ್ಕೆ ಕಾರಣವಿದೆ. ಸಿ ವಿಂಡೋಸ್‌ಗೆ, ಡಿ ಕಚೇರಿ ಕಡತಕ್ಕೆ, ಇ ಫೋಟೋಗೆ, ಎಫ್ ಸಿನಿಮಾಕ್ಕೆ ಎಂದು ಡಿಸ್ಕನ್ನು ಅಣ್ಣತಮ್ಮಂದಿರ ಪಾಲಿನಂತೆ ಹಂಚಿಡುವುದು ಇಲ್ಲಿನ ಹಳೆಯ ರೂಢಿ. ಎಂಬಿಆರ್‌ನಲ್ಲಿ ನಾಲ್ಕೇ ಜಾಗವಿರುವುದರಿಂದ ಹೆಚ್ಚಿನವು ಎಕ್ಸ್‌ಟೆಂಡೆಡ್ ಪಾರ್ಟಿಷನ್ನಿನೊಳಗೆ ಕೂರುತ್ತವೆ. ಈ ಸಲಕರಣೆ ಅವನ್ನು ಒಪ್ಪುವುದಿಲ್ಲ, ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ನನ್ನೂ ಒಪ್ಪುವುದಿಲ್ಲ. ಡಿ, ಇ, ಎಫ್‌ಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ತೆಗೆದುಹಾಕಿ, ಆಮೇಲೆ ಮತ್ತೆ ಕೇಳಬೇಕು. ಬ್ಯಾಕಪ್ ಹೇಗೂ ಬೇಕಿತ್ತು. ವಿಂಡೋಸ್ ಇರುವ ಡಿಸ್ಕ್ ಒಂದನ್ನು ಪರಿವರ್ತಿಸಿದರೆ ಸಾಕು. ಪಕ್ಕದ ದತ್ತಾಂಶದ ಡಿಸ್ಕ್ ಹಳೆಯ ಪದ್ಧತಿಯಲ್ಲೇ ಇರಬಹುದು.

ಲ್ಯಾಪ್‌ಟಾಪಿನಲ್ಲಿ ಎಚ್ಚರ ಬೇಕಾದ್ದು ಬೇರೆ ಕಡೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದ ಎಷ್ಟೋ ಲ್ಯಾಪ್‌ಟಾಪುಗಳ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಮಾಲೀಕರಿಗೆ ಅದರ ಸುಳಿವೇ ಇರುವುದಿಲ್ಲ. ಫರ್ಮ್‌ವೇರ್‌ನಲ್ಲಿ ಏನಾದರೂ ಬದಲಿಸಿದಾಗ ಟಿಪಿಎಂನ ಬೆಲೆ ತಾಳೆಯಾಗದೆ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಖಾತೆಯಲ್ಲಿ ಉಳಿದಿರುತ್ತದೆ. ಮೊದಲೇ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ ಕೈಹಾಕಿದರೆ ಗಾಬರಿಯಿಲ್ಲ. ಎಎಂಡಿ ಬೋರ್ಡುಗಳಲ್ಲಿ ಬಯಾಸ್ ಅಪ್‌ಡೇಟ್ ಆದ ಮೇಲೆ ಎಫ್‌ಟಿಪಿಎಂ ರೀಸೆಟ್ ಮಾಡಲೇ, ವೈ ಒತ್ತಿ, ಎನ್ ಒತ್ತಿ ಎಂಬ ಪ್ರಶ್ನೆ ಬರುವುದುಂಟು. ಕೀ ಕೈಯಲ್ಲಿಲ್ಲದೆ ವೈ ಒತ್ತುವುದು ಮನೆಯ ಬೀಗ ಹಾಕಿ ಕೀಲಿಯನ್ನು ಬಾವಿಗೆ ಎಸೆದಂತೆ.

ಅಪ್‌ಡೇಟ್ ಬೇಕೇ ಎಂಬುದೂ ಪ್ರಶ್ನೆಯೇ. ಎಎಂಡಿ ಯಂತ್ರಗಳ ಮಟ್ಟಿಗೆ ಉತ್ತರ ಹೌದು: ಎಫ್‌ಟಿಪಿಎಂ ಚಾಲೂ ಮಾಡಿದಾಗ ಆಗಾಗ ಕ್ಷಣಕಾಲ ತೊದಲುವ ದೋಷವನ್ನು ಕಂಪನಿ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡು ಹೊಸ ಫರ್ಮ್‌ವೇರ್ ಮೂಲಕ ಸರಿಪಡಿಸಿತು. ಆದರೆ ಫ್ಲ್ಯಾಶ್ ಚಿಪ್ ಬರೆಯುವ ಎರಡು ಮೂರು ನಿಮಿಷದಲ್ಲಿ ಕರೆಂಟು ಹೋದರೆ ಬೋರ್ಡು ಮೇಲೇಳದಿರಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಮಳೆಗಾಲದ ಸಂಜೆಯಲ್ಲಿ, ಈ ಸಾಹಸ ಬೇಡ.

ಇಷ್ಟಾದ ಮೇಲೆ ಡಿಲೀಟ್ ಅಥವಾ ಎಫ್2 ಒತ್ತಿ ಸೆಟಪ್‌ಗೆ. ಏನನ್ನಾದರೂ ಮುಟ್ಟುವ ಮುನ್ನ ಪ್ರತಿ ಪುಟದ ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳುವುದು ಜಾಣತನ. ಸಿಎಸ್ಎಂ ಆಫ್, ಪಿಟಿಟಿ ಅಥವಾ ಎಫ್‌ಟಿಪಿಎಂ ಆನ್, ಕೊನೆಗೆ ಸೆಕ್ಯೂರ್ ಬೂಟ್. ಕೆಲವು ಬೋರ್ಡುಗಳಲ್ಲಿ ಆನ್ ಎಂದರೂ ಅದು ಚಾಲೂ ಆಗದು. ಸಹಿಗಳ ಪಟ್ಟಿಯೇ ಖಾಲಿ ಇರುತ್ತದೆ. ಫ್ಯಾಕ್ಟರಿ ಕೀಗಳನ್ನು ತುಂಬಿಸುವ ಆಯ್ಕೆ ಒಂದೆರಡು ಪುಟ ಆಳದಲ್ಲಿರುತ್ತದೆ. ಇನ್ನೊಂದು ಹೊಂಚು ಹಳೆಯ ಗ್ರಾಫಿಕ್ಸ್ ಕಾರ್ಡಿನದು. ಯುಇಎಫ್ಐ ಭಾಷೆ ಬಾರದ ಕಾರ್ಡ್ ಇದ್ದರೆ ಸಿಎಸ್ಎಂ ಆರಿಸಿದೊಡನೆ ಪರದೆ ಕತ್ತಲು. ಸೆಟಪ್ಪೂ ಕಾಣದು, ಹಿಂದಕ್ಕೂ ಹೋಗಲಾಗದು.

ಆಗ ನೆನಪಾಗಬೇಕಾದದ್ದು ನಾಣ್ಯದಾಕಾರದ ಬಯಾಸ್ ಬ್ಯಾಟರಿ: ಸಿಆರ್2032, 20 ಮಿಲಿಮೀಟರ್ ಅಗಲ, 3 ವೋಲ್ಟ್. ಪ್ಲಗ್ ಕಿತ್ತು, ಇದನ್ನು ಕೆಲ ನಿಮಿಷ ಹೊರಗಿಟ್ಟರೆ ಬಹುತೇಕ ಡೆಸ್ಕ್‌ಟಾಪ್ ಬೋರ್ಡುಗಳು ಸೆಟ್ಟಿಂಗ್ ಮರೆತು ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಇದೇ ಬ್ಯಾಟರಿ ಎಂಟು ಹತ್ತು ವರ್ಷಕ್ಕೆ ತಾನಾಗಿಯೇ ಸತ್ತರೆ ಅದೇ ಮರೆವು ಬೇಡದ ಹೊತ್ತಿನಲ್ಲಿ ಬರುತ್ತದೆ. ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತದೆ, ಬ್ಯಾಂಕಿನ ಜಾಲತಾಣ ತೆರೆಯುವುದಿಲ್ಲ, ಡಿಸ್ಕ್ ಸಂಪರ್ಕದ ಸಾಟಾ ಮೋಡ್ ಬದಲಾಗಿ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಹಳೆಯ ಯಂತ್ರವನ್ನು ಅಪ್‌ಗ್ರೇಡಿಗೆ ಅಣಿಗೊಳಿಸುವಾಗ ಹೊಸ ಸೆಲ್ ಹಾಕುವುದೇ ಎಲ್ಲಕ್ಕಿಂತ ಅಗ್ಗದ ಕೆಲಸ.

ಎಂಟನೇ ತಲೆಮಾರಿಗಿಂತ ಹಿಂದಿನ ಇಂಟೆಲ್ ಇರುವವರಿಗೆ ಈ ಸ್ವಿಚ್ಚುಗಳಷ್ಟೇ ಸಾಲವು, ಪ್ರೊಸೆಸರೇ ಪಟ್ಟಿಯಲ್ಲಿಲ್ಲ. ಆ ಗೆರೆ ಭೌತಶಾಸ್ತ್ರ ಎಳೆದದ್ದಲ್ಲ. 2021ರಲ್ಲಿ ಮೈಕ್ರೋಸಾಫ್ಟ್ ಏಳನೇ ತಲೆಮಾರಿನ ಕೋರ್ ಐ7-7820ಎಚ್‌ಕ್ಯೂ ಅನ್ನು ಆಯ್ದ ಯಂತ್ರಗಳಿಗೆಂದು ಒಳಗೆ ಸೇರಿಸಿತು. ಅದು ಕಂಪನಿಯ ಸ್ವಂತ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದ ಚಿಪ್. ಹೊರಗುಳಿದವರಲ್ಲಿ ಕೆಲವರು ಲಿನಕ್ಸ್ ಕಡೆ ಹೊರಳುತ್ತಾರೆ. ಉಬುಂಟು, ಫೆಡೋರಾದಂಥವು ಶಿಮ್ ಎಂಬ ಪುಟ್ಟ ತಂತ್ರಾಂಶದ ಮೂಲಕ ಸೆಕ್ಯೂರ್ ಬೂಟ್ ದಾಟುತ್ತವೆ, ಅದರ ಮೇಲಿರುವುದೂ ಮೈಕ್ರೋಸಾಫ್ಟ್‌ನದೇ ಸಹಿ.

ಆ ಸಹಿಯ ಬೇರಿನಲ್ಲಿರುವ 2011ರ ಪ್ರಮಾಣಪತ್ರಗಳಿಗೆ 2026ರ ಜೂನ್‌ನಿಂದ ಅವಧಿ ಮುಗಿಯತೊಡಗುತ್ತದೆ. ಬದಲಿಗೆ 2023ರವು ಬಂದಿವೆ. ಹೊಸವು ಸೇರದ ಯಂತ್ರ ಬೂಟ್‌ಗೆ ಸಂಬಂಧಿಸಿದ ಮುಂದಿನ ರಕ್ಷಣೆಗಳನ್ನು ಕಳೆದುಕೊಳ್ಳುತ್ತದೆ, ಆದರೆ ಏಳುವುದು ನಿಲ್ಲದು. ಏಕೆಂದರೆ ಸಹಿ ನೋಡುವ ಫರ್ಮ್‌ವೇರ್ ಸಾಮಾನ್ಯವಾಗಿ ತಾರೀಖು ನೋಡುವುದಿಲ್ಲ. ನೋಡುವುದಾದರೂ ಯಾವ ಗಡಿಯಾರವನ್ನು? ಆ ಹೊತ್ತಿನಲ್ಲಿ ಅದಕ್ಕೆ ಸಿಗುವುದು ಸಿಆರ್2032 ನಡೆಸುವ ಗಡಿಯಾರ ಒಂದೇ.