ಬದುವಿನಲ್ಲಿ ರಕ್ತಚಂದನ: ನೆಡುವ ಮುನ್ನ ತಿಳಿಯಿರಿ



ವೈಟ್‌ಫೀಲ್ಡ್, ಹೊಸಕೋಟೆ, ಆನೇಕಲ್ ಸುತ್ತಿನಲ್ಲಿ ರಾಗಿ ಹೊಲಗಳ ಪಕ್ಕದಲ್ಲೇ ಕಾರ್ಖಾನೆ, ಗೋದಾಮುಗಳು ಎದ್ದಿವೆ. ಕೂಲಿ ಆಳುಗಳ ಅಭಾವವೂ ಹೆಚ್ಚಿದೆ. ಇಂಥಲ್ಲಿ ರಕ್ತಚಂದನ ಹಾಕಿ, ಹತ್ತೇ ವರ್ಷದಲ್ಲಿ ಲಕ್ಷಗಟ್ಟಲೆ ಎಣಿಸಿ ಎಂದು ಆಸೆ ತೋರಿಸುವವರಿದ್ದಾರೆ. ಮರ ಒಳ್ಳೆಯದೇ, ಆದರೆ ಆ ಲೆಕ್ಕ ಸರಿಯಲ್ಲ.

ಮರದ ಪರಿಚಯ

ಕಡಪ, ತಿರುಪತಿ, ನೆಲ್ಲೂರು ಭಾಗದ ಒಣ ಗುಡ್ಡಗಳೇ ಇದರ ತವರು. ಇದು ಹೊನ್ನೆಯ ಜಾತಿಗೆ ಸೇರಿದ್ದು. ಶ್ರೀಗಂಧದ ಪರಿಮಳ ಇದಕ್ಕಿಲ್ಲ. ಬೆಲೆಯೆಲ್ಲ ಕಡುಗೆಂಪು ಚೇಗಿಗೆ. ಜಪಾನಿನ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ದಂಡಿಗೂ, ಚೀನಾದ ಬೆಲೆಬಾಳುವ ಪೀಠೋಪಕರಣಗಳಿಗೂ ಇದನ್ನು ಬಳಸುತ್ತಾರೆ. ಈ ಬೇಡಿಕೆಯಿಂದ ಕಾಡಿನ ಮರಗಳು ಕಳ್ಳಸಾಗಣೆಗೆ ಬಲಿಯಾದವು. 1995ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಹೊಸಕೋಟೆ ಸುತ್ತಿನಲ್ಲೂ ಕದ್ದ ದಿಮ್ಮಿಗಳು ಸಿಕ್ಕಿಬಿದ್ದಿವೆ.

ನೆಡುವ ಕ್ರಮ

ನೀರು ಬಸಿದುಹೋಗುವ ಕೆಂಪು, ಗರಸು ಮಣ್ಣು ಬೇಕು. ನೀರು ನಿಲ್ಲುವ ತಗ್ಗು, ಕೆರೆ ಅಂಗಳ ಬೇಡ. ಬೀಜ ಗಟ್ಟಿ ಕಾಯಿಯೊಳಗಿರುವುದರಿಂದ ಮೊಳಕೆ ಕಡಿಮೆ. ನಂಬಿಕೆಯ ನರ್ಸರಿಯಿಂದ ಸಸಿ ತರುವುದು ಲೇಸು. ಒಂದೂವರೆ ಅಡಿ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಮುಂಗಾರು ಹಿಡಿದ ಮೇಲೆ 10ರಿಂದ 12 ಅಡಿ ಅಂತರದಲ್ಲಿ ನೆಡಿರಿ. ಮೊದಲ ಎರಡು ಬೇಸಿಗೆ ನೀರು ಕೊಟ್ಟು, ದನಕರುಗಳಿಂದ ಕಾಪಾಡಿರಿ. ನೆರಳು ತಾಗದಿರಲಿ.

ಎಳೆಯ ಮರದಲ್ಲಿ ಚೇಗು ತೀರಾ ಕಡಿಮೆ. ಅದು ಬಲಿಯಲು ದಶಕಗಳೇ ಬೇಕು. ಆದ್ದರಿಂದ ಇಡೀ ಹೊಲಕ್ಕೆ ಹಾಕದೆ ಬದುವಿಗೆ ಮಾತ್ರ ಹಾಕಿರಿ. ನಡುವೆ ರಾಗಿ, ಅವರೆ ಎಂದಿನಂತೆ ನಡೆಯಲಿ. ಕೆಲವೇ ವರ್ಷಗಳಲ್ಲಿ ಮಾರುವ ಜಮೀನಿಗೆ ಈ ಮರ ಹೊಂದದು.

ದಾಖಲೆ ಮರೆಯದಿರಿ

ನೆಟ್ಟ ವರ್ಷವೇ ಮರಗಳ ಸಂಖ್ಯೆಯನ್ನು ಪಹಣಿಯಲ್ಲಿ ಬರೆಯಿಸಿ, ಸಸಿ ಕೊಂಡ ರಸೀದಿ ಜೋಪಾನ ಮಾಡಿರಿ. ಕಡಿಯಲು ಅರಣ್ಯ ಇಲಾಖೆಯ ಅನುಮತಿ, ಸಾಗಿಸಲು ರಹದಾರಿ ಬೇಕು. ಖಾಸಗಿ ಜಮೀನಿನಲ್ಲಿ ಬೆಳೆದ ಮರದ ರಫ್ತಿಗೆ ಕೇಂದ್ರ ಸರ್ಕಾರ 2019ರಲ್ಲಿ ಅವಕಾಶ ನೀಡಿತು. ಆದರೆ ಅದು ನಿಮ್ಮ ಹೊಲದಲ್ಲೇ ಬೆಳೆದದ್ದೆಂದು ತೋರಿಸಬೇಕು. ದಾಖಲೆಯಿಲ್ಲದಿದ್ದರೆ ಸ್ವಂತ ಮರವೂ ಕಳ್ಳಮಾಲಿನ ಸಂಶಯಕ್ಕೆ ಗುರಿಯಾಗುತ್ತದೆ. ನಾಳೆ ಕೈಗಾರಿಕೆಗಾಗಿ ಭೂಸ್ವಾಧೀನವಾದರೂ ಮರಗಳ ಪರಿಹಾರ ಕೇಳಲು ಇದೇ ಆಧಾರ.

ಮುಂದೆ ಕೊಳ್ಳುತ್ತೇವೆಂದು ಮುಂಗಡ ಹಣ ಕೇಳುವವರ ಕರಾರಿಗೆ ಸಹಿ ಹಾಕುವ ಮೊದಲು ಹತ್ತಿರದ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿರಿ. ಇಂದು ನೆಡುವ ಸಸಿ ಮಕ್ಕಳ ಕಾಲಕ್ಕೆ ಆಸ್ತಿಯಾಗಬೇಕಾದರೆ ಅದರ ಕಾಗದವೂ ಮಕ್ಕಳ ಕೈ ಸೇರಬೇಕು.