ಹವಳದ ಮೈಯೊಳಗಿನ ಪಾಚಿ

ಮುಂಬಯಿ ಬಳಿಯ ಠಾಕುರ್ಲಿಯಿಂದ ಸ್ಲೋ ಲೋಕಲ್ ಹಿಡಿದು ದಾದರಿನಲ್ಲಿ ಗಾಡಿ ಬದಲಿಸಿದರೆ ಬಾಂದ್ರಾದ ಕಡಲಬಂಡೆಗಳು ದೂರವಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಇಳಿತಕ್ಕೆ ಹೋಗಬೇಕು. ನೀರು ಸರಿದ ಕಲ್ಲುಗಳ ಮೇಲೆ ಅಂಗಿಯ ಗುಂಡಿಗಳನ್ನು ಒತ್ತೊತ್ತಾಗಿ ಅಂಟಿಸಿದಂಥ ಹಸಿರು ಹೊದಿಕೆ ಕಾಣುತ್ತದೆ. ಪಾಚಿಯೆಂದು ತುಳಿದು ಹೋಗುವವರೇ ಹೆಚ್ಚು. ಅದು ಝೋಆಂಥಿಡ್, ಹವಳದ ಹತ್ತಿರದ ಬಂಧು, ಜೀವಂತ ಪ್ರಾಣಿ. ಅದರ ಮೈಯೊಳಗೂ ಹವಳದೊಳಗಿನಂತೆಯೇ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಳುತ್ತಿರುತ್ತದೆ.

ಈ ಸಹಬಾಳ್ವೆಯ ಒಳಗುಟ್ಟು ಬಿಡಿಸುವುದಕ್ಕೇ ವೃತ್ತಿಬದುಕನ್ನು ಮೀಸಲಿಟ್ಟವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಲಿಯೊನಾರ್ಡ್ ಮಸ್ಕಟೀನ್. ಪಾಚಿ ಒಳಗಿದೆ ಎಂಬುದು 19ನೇ ಶತಮಾನದಲ್ಲೇ ಗೊತ್ತಿತ್ತು. ಅದು ಪ್ರಾಣಿಗೆ ಉಣಿಸುತ್ತದೆಯೇ ಎಂಬುದು ಬಗೆಹರಿದಿರಲಿಲ್ಲ. 1928–29ರಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ಗೆ ತಂಡ ಒಯ್ದಿದ್ದ ಸಿ.ಎಂ. ಯಂಗ್, ಹವಳ ಬೇಟೆಯಾಡಿಯೇ ಬದುಕುತ್ತದೆ ಎಂದಿದ್ದರು. 1958ರಲ್ಲಿ ಮಸ್ಕಟೀನ್ ಮತ್ತು ಕ್ಯಾಡೆಟ್ ಹ್ಯಾಂಡ್, ಪಾಚಿಯುಳ್ಳ ಕಡಲ ಹೂಪ್ರಾಣಿಯೊಂದಕ್ಕೆ ವಿಕಿರಣಶೀಲ ಇಂಗಾಲ ಕೊಟ್ಟು ಬೆಳಕಿನಲ್ಲಿಟ್ಟರು. ಪಾಚಿ ಹೀರಿಕೊಂಡ ಆ ಇಂಗಾಲ ಕ್ರಮೇಣ ಪ್ರಾಣಿಯ ಅಂಗಾಂಶದಲ್ಲೇ ಪತ್ತೆಯಾಯಿತು.

ನನ್ನನ್ನು ಹೆಚ್ಚು ಬೆರಗಾಗಿಸುವುದು ಮಸ್ಕಟೀನ್ ಅವರ 1967ರ ಪ್ರಯೋಗ. ಪ್ರಾಣಿಯಿಂದ ಬೇರ್ಪಡಿಸಿದ ಪಾಚಿಗೆ ಆಶ್ರಯ ಕೊಟ್ಟ ಪ್ರಾಣಿಯ ಅಂಗಾಂಶವನ್ನು ಅರೆದು ತೆಗೆದ ರಸ ಸೇರಿಸಿದಾಗ, ಪಾಚಿ ಗ್ಲಿಸರಾಲ್ ಎಂಬ ಆಹಾರಾಂಶವನ್ನು ಧಾರಾಳವಾಗಿ ಹೊರಬಿಟ್ಟಿತು. ಬಿಟ್ಟುಕೊಡುವಂತೆ ಪಾಚಿಯನ್ನು ಪ್ರಚೋದಿಸುವ ಅಂಶ ಪ್ರಾಣಿಯಲ್ಲೇ ಇತ್ತು! ಪ್ರತಿಯಾಗಿ ಪಾಚಿಗೆ ಆಸರೆಯ ಜೊತೆಗೆ ಪ್ರಾಣಿಯ ತ್ಯಾಜ್ಯದಲ್ಲಿರುವ ಸಾರಜನಕವೂ ಸಿಗುತ್ತದೆ. ಪೋಷಕಾಂಶ ಕಡಿಮೆಯಿರುವ ಉಷ್ಣವಲಯದ ತಿಳಿನೀರಿನಲ್ಲಿ ಹವಳದ ದಿಬ್ಬಗಳು ಬೆಳೆಯುವುದು ಈ ಕೊಡುಕೊಳ್ಳುವಿಕೆಯಿಂದಲೇ.

ಆದರೆ ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೂ ನಂಟು ಮುರಿಯುತ್ತದೆ. ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ. ಇದು ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ನಡೆಯುತ್ತಿದೆಯೆಂದು 2024ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳಗಳಿಗೂ ಇದೇ ಅಪಾಯ.

ಬಿಸಿಯಷ್ಟೇ ಅಲ್ಲ, ಬಗ್ಗಡವೂ ಕೇಡೇ. ಬೆಳಕು ತಲುಪದಿದ್ದರೆ ಪಾಚಿ ಆಹಾರ ತಯಾರಿಸಲಾರದು. ನಮ್ಮ ಉಲ್ಹಾಸ್ ನದಿ ಊರೂರಿನ ಕೊಳಚೆ ಹೊತ್ತು ವಸಯಿ ಖಾಡಿಯಲ್ಲಿ ಇದೇ ಕಡಲಿಗೆ ಬೀಳುತ್ತದೆ. ಕಾಮಗಾರಿಗಳ ಕಾಟವೂ ಇದೆ: ಮುಂಬಯಿಯ ಕೆಲವು ಹವಳಗಳು ಕೋಸ್ಟಲ್ ರೋಡ್‌ಗಾಗಿ 2020ರಲ್ಲಿ ಸ್ಥಳಾಂತರಗೊಂಡವು.

ಹವಳಕ್ಕೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆಯಿದೆ. ಮಕ್ಕಳನ್ನು ಇಳಿತದ ಹೊತ್ತಿಗೆ ಕರೆದೊಯ್ಯಿರಿ, ತೋರಿಸಿ. ಹಸಿರು ಹೊದಿಕೆಯನ್ನು ತುಳಿಯಬೇಡಿ, ಕಲ್ಲು ಮಗುಚಬೇಡಿ, ಅಕ್ವೇರಿಯಂಗೆಂದು ಕಡಲಿನ ಹವಳದ ತುಂಡನ್ನು ಕೊಳ್ಳಲೇಬೇಡಿ.