ಮನೆಯವರಿಗೆ ಬರೆಯುವ ಮೊದಲ ಪತ್ರ

ಬಳ್ಳಾರಿ ರಸ್ತೆಯಲ್ಲಿ ಯಲಹಂಕ, ಹುಣಸಮಾರನಹಳ್ಳಿ ದಾಟಿದರೆ ಚಿಕ್ಕಜಾಲ. ಹೆದ್ದಾರಿಯ ಮಗ್ಗುಲಲ್ಲೇ ಹಳೆಯ ಕೋಟೆಯ ಪಾಳುಗೋಡೆ, ಕಲ್ಯಾಣಿ. ಸ್ವಲ್ಪ ಮುಂದೆ, ದೇವನಹಳ್ಳಿಯ ಕಡೆಗೆ, 2008ರ ಮೇ ತಿಂಗಳಿಂದ ಕೆಲಸ ಮಾಡುತ್ತಿರುವ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಅಲ್ಲಿಳಿದ ಹೆಚ್ಚಿನವರು ಈ ಊರನ್ನು ಕಣ್ಣೆತ್ತಿಯೂ ನೋಡದೆ ಹೆಬ್ಬಾಳದ ಕಡೆ ಹೊರಟುಬಿಡುತ್ತಾರೆ. ಆದರೆ ಕೆಲವರಿಗೆ ಹೋಟೆಲು ಬೇಡ. ಇಲ್ಲಿನ ಮನೆಯೊಂದರಲ್ಲಿ ಎರಡು ದಿನ ಇದ್ದು, ಅವರು ಉಣ್ಣುವುದನ್ನೇ ಉಂಡು, ಅವರ ಬದುಕನ್ನು ತಿಳಿದು, ತಮ್ಮದನ್ನೂ ತಿಳಿಸಬೇಕೆಂಬ ಆಸೆ. ಅಂಥವರು ಗುರುತಿಲ್ಲದ ಮನೆಯವರಿಗೆ ಮೊದಲು ಒಂದು ಪತ್ರ ಬರೆಯಬೇಕಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಬರೆದವರ ಗುಣಗಾನ: ಎಷ್ಟು ದೇಶ ಸುತ್ತಿದ್ದೇನೆ, ಎಷ್ಟು ಭಾಷೆ ಬಲ್ಲೆ, ಭಾರತವನ್ನು ಎಷ್ಟು ಪ್ರೀತಿಸುತ್ತೇನೆ. ಮನೆಯವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಪರಿಚಯ ಪತ್ರದ ಕೆಲಸ ಮೆಚ್ಚಿಸುವುದಲ್ಲ. ಇವರನ್ನು ಮನೆಗೆ ಕರೆಯಬಹುದೇ, ಬೇಡವೇ ಎಂದು ಆ ಮನೆಯವರು ನೆಮ್ಮದಿಯಿಂದ ತೀರ್ಮಾನಿಸಲು ಬೇಕಾದಷ್ಟು ಸಂಗತಿಯನ್ನು ಒದಗಿಸುವುದು. ಬೇಡ ಎನ್ನುವುದನ್ನೂ ಸುಲಭ ಮಾಡಿಕೊಟ್ಟ ಪತ್ರವೇ ಒಳ್ಳೆಯ ಪತ್ರ ಎಂಬುದು ಈ ಅಧ್ಯಾಯದ ವಾದ.

ಇದಕ್ಕೆ ಮೊದಲ ಆಕ್ಷೇಪ ನಮ್ಮ ಸಂಪ್ರದಾಯದ ಹೆಸರಿನಲ್ಲೇ ಬರುತ್ತದೆ. ಅತಿಥಿಯನ್ನು ದೇವರೆಂದು ಕಂಡ ನಾಡಿನಲ್ಲಿ ಮನೆಗೆ ಬರುವವರ ಹತ್ತಿರ ಕಾಗದ ಕೇಳುವುದು ಅಪನಂಬಿಕೆಯಲ್ಲವೇ ಎಂದು. ಆದರೆ ನಮ್ಮ ಹಳ್ಳಿಗಳಲ್ಲಿ ಪರಿಚಯವಿಲ್ಲದ ಆತಿಥ್ಯ ಎಂಬುದು ಎಂದೂ ಇರಲಿಲ್ಲ. ಜಗಲಿಯ ಮೇಲೆ ಕೂತವರಿಗೆ ನೀರು ಕೊಟ್ಟ ಮರುಗಳಿಗೆಯಲ್ಲೇ "ಯಾವೂರಾಯ್ತು? ಯಾರ ಪೈಕಿ?" ಎಂಬ ಪ್ರಶ್ನೆ ಬರುತ್ತಿತ್ತು. ಹೆಳವರನ್ನು ನೋಡಿ. ಸಿಂಗರಿಸಿದ ಎತ್ತಿನ ಮೇಲೆ ಕಾಲು ಕಾಣದಂತೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಮನೆ ಮುಂದೆ ನಿಲ್ಲುವ ಅವರು ತಮ್ಮ ಬಗ್ಗೆ ಹೇಳಿಕೊಳ್ಳುವುದಕ್ಕಿಂತ ಆ ಮನೆಯ ವಂಶಾವಳಿಯನ್ನು ಹೇಳುತ್ತಾರೆ. ಮುತ್ತಜ್ಜ ಯಾರು, ಯಾವ ಊರಿನಿಂದ ಬಂದವರು, ಹೆಣ್ಣು ಕೊಟ್ಟದ್ದು ಎಲ್ಲಿಗೆ. ಕೇಳಿಸಿಕೊಂಡ ಮನೆಯವರು ಧಾನ್ಯವನ್ನೋ ಬಟ್ಟೆಯನ್ನೋ ಕೊಡುತ್ತಾರೆ. ಬಂದವರು ಮನೆಯವರನ್ನು ಎಷ್ಟರಮಟ್ಟಿಗೆ ತಿಳಿದಿದ್ದಾರೆ ಎಂಬುದೇ ಅಲ್ಲಿ ಅವರ ಗುರುತುಚೀಟಿ. ಇಂದು ಪರದೇಶದಿಂದ ಬರೆಯುವವರಿಗೆ ಅಷ್ಟೆಲ್ಲ ತಿಳಿದಿರಬೇಕಿಲ್ಲ. ಆದರೂ ನೂರು ಮನೆಗಳಲ್ಲಿ ಈ ಮನೆಗೇ ಏಕೆ ಬರೆದೆ ಎಂಬುದಕ್ಕೆ ಒಂದು ಸಾಲಿನ ಉತ್ತರ ಇರಲೇಬೇಕು.

ಆ ಹಳೆಯ ಪ್ರಶ್ನೆಗೆ ಇನ್ನೊಂದು ಮುಖವಿತ್ತು, ಅದನ್ನು ಮುಚ್ಚಿಡುವುದು ತಪ್ಪು. "ಯಾರ ಪೈಕಿ" ಎಂದು ಕೇಳುವುದು ಎಷ್ಟೋ ಸಲ ಜಾತಿ ತಿಳಿಯುವುದಕ್ಕೆ. ಉತ್ತರ ಕೇಳಿದ ಮೇಲೆ ಕೆಲವರಿಗೆ ನಡುಮನೆ, ಕೆಲವರಿಗೆ ಜಗಲಿ, ಕೆಲವರಿಗೆ ಅಂಗಳವೂ ಇಲ್ಲ. ಕುಲವೋ ನೆಂಟಸ್ತಿಕೆಯೋ ಜಾಮೀನು ನಿಂತರೆ ಮಾತ್ರ ಊಟ ಎಂಬ ಏರ್ಪಾಡಿಗೆ ಹೋಲಿಸಿದರೆ, ತನ್ನ ಮಾತಿನ ಮೇಲೆ ತಾನೇ ನಿಂತು ಬರೆದ ಪತ್ರ ಎಷ್ಟೋ ಮೇಲು. ನಾನು ಇಂಥವರ ಮಗ ಎಂದು ಹೇಳುವ ಬದಲು, ನಾನು ಹೀಗೆ ಬದುಕುತ್ತೇನೆ, ಇದಕ್ಕಾಗಿ ಬರುತ್ತಿದ್ದೇನೆ ಎಂದು ಅದು ಹೇಳುತ್ತದೆ. ಇದು ಎಷ್ಟು ದೂರ ಕರೆದೊಯ್ಯಬಲ್ಲದು ಎನ್ನುವುದಕ್ಕೆ ಬೆಂಗಳೂರಿನದೇ ಒಂದು ಸಾಕ್ಷಿ ಇದೆ. ಅಣ್ವಸ್ತ್ರದ ವಿರುದ್ಧ ಪ್ರತಿಭಟಿಸಿದ್ದಕ್ಕೆ 1961ರಲ್ಲಿ ಬರ್ಟ್ರಂಡ್ ರಸೆಲ್ ತಮ್ಮ ಇಳಿವಯಸ್ಸಿನಲ್ಲಿ ಜೈಲಿಗೆ ಹೋದ ಸುದ್ದಿಯನ್ನು ಇಲ್ಲಿನ ಕಾಫಿ ಹೋಟೆಲಿನಲ್ಲಿ ಓದಿದ ಸತೀಶ್ ಕುಮಾರ್ ಮತ್ತು ಇ.ಪಿ. ಮೆನನ್ ಎಂಬ ಇಬ್ಬರು, ಮರುವರ್ಷ ಅಣ್ವಸ್ತ್ರ ರಾಷ್ಟ್ರಗಳ ನಾಲ್ಕು ರಾಜಧಾನಿಗಳಿಗೆ ಶಾಂತಿ ಪಾದಯಾತ್ರೆ ಹೊರಟರು: ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್. ಕೈಯಲ್ಲಿ ಹಣ ಇಟ್ಟುಕೊಳ್ಳಬೇಡಿ, ಸಸ್ಯಾಹಾರ ಬಿಡಬೇಡಿ ಎಂದು ವಿನೋಬಾ ಭಾವೆ ಹೇಳಿ ಕಳಿಸಿದ್ದರು. ಹಣವಿಲ್ಲದ ಮೇಲೆ ಪ್ರತಿ ಸಂಜೆಯೂ ಯಾರದೋ ಮನೆಯ ಬಾಗಿಲು. ಮಾಂಸ ತಿನ್ನುವುದಿಲ್ಲವೆಂದ ಮೇಲೆ ಯಾಕೆ ಎಂಬ ಪ್ರಶ್ನೆ, ಅದಕ್ಕೊಂದು ಉತ್ತರ, ಅಲ್ಲಿಂದ ಮಾತು. ಮಾಸ್ಕೋ ದಾರಿಯಲ್ಲಿ ಚಹಾ ಕಾರ್ಖಾನೆಯ ಹೊರಗೆ ಸಿಕ್ಕ ಇಬ್ಬರು ಹೆಂಗಸರಿಗೆ ತಾವು ಯಾರು, ಏಕೆ ನಡೆಯುತ್ತಿದ್ದೇವೆ ಎಂದು ಹೇಳಿದಾಗ ಅವರಲ್ಲೊಬ್ಬಾಕೆ ನಾಲ್ಕು ಚಹಾ ಪೊಟ್ಟಣ ಕೊಟ್ಟಳು, ನಾಲ್ಕು ದೇಶದ ನಾಯಕರಿಗೆ ಒಂದೊಂದು. ಬಾಂಬಿನ ಗುಂಡಿ ಒತ್ತಬೇಕೆನಿಸಿದಾಗ ಒಂದು ಗಳಿಗೆ ನಿಂತು ಚಹಾ ಕುಡಿಯಲಿ ಎಂದು. ತಾವು ಯಾರು, ಏಕೆ ಬಂದೆವು, ಏನು ತಿನ್ನುತ್ತೇವೆ: ಆ ಇಬ್ಬರ ಪರಿಚಯದಲ್ಲಿ ಇದ್ದದ್ದು ಇಷ್ಟೇ.

ಇಂಥ ಪರಿಚಯವನ್ನೇ, ಆ ಯಾತ್ರೆಗೂ ಮೊದಲೇ, ಒಂದು ಪದ್ಧತಿಯಾಗಿ ಕಟ್ಟಿದ್ದು ಸರ್ವಾಸ್ ಎಂಬ ಸಂಘಟನೆ. ಎರಡನೇ ಮಹಾಯುದ್ಧ ಮುಗಿದ ನಾಲ್ಕು ವರ್ಷಕ್ಕೆ, 1949ರಲ್ಲಿ, ಬಾಬ್ ಲೂಯಿಟ್‌ವೈಲರ್ ಎಂಬ ಅಮೆರಿಕದ ಯುದ್ಧವಿರೋಧಿ ಡೆನ್ಮಾರ್ಕಿನಲ್ಲಿ ಗೆಳೆಯರೊಡನೆ ಇದನ್ನು ಶುರುಮಾಡಿದರು. ಭಾರತದಲ್ಲೂ ಇದಕ್ಕೆ ಸದಸ್ಯರಿದ್ದಾರೆ. ಹೊರಡುವ ಮೊದಲು ಪ್ರಯಾಣಿಕರನ್ನು ಸ್ಥಳೀಯ ಸದಸ್ಯರೊಬ್ಬರು ಕೂರಿಸಿಕೊಂಡು ಮಾತಾಡಿಸುತ್ತಾರೆ; ಒಪ್ಪಿಗೆಯಾದರೆ ಪರಿಚಯ ಪತ್ರಕ್ಕೆ ಮೊಹರು. ವಾಸ್ತವ್ಯ ಸಾಮಾನ್ಯವಾಗಿ ಎರಡು ರಾತ್ರಿ, ಹಣದ ಮಾತಿಲ್ಲ. ಅಂತರ್ಜಾಲ ಬಂದ ಮೇಲೆ ಇದರ ಚಹರೆ ಬದಲಾಯಿತು. ಕೇಸಿ ಫೆಂಟನ್ ಎಂಬಾತ ಐಸ್‌ಲ್ಯಾಂಡಿನ ವಿಶ್ವವಿದ್ಯಾಲಯದ ಸುಮಾರು 1,500 ವಿದ್ಯಾರ್ಥಿಗಳಿಗೆ ಉಳಿಯಲು ಜಾಗ ಕೇಳಿ ಮಿಂಚಂಚೆ ಕಳಿಸಿದ್ದರಿಂದ ಹುಟ್ಟಿದ್ದು 2004ರ ಕೌಚ್‌ಸರ್ಫಿಂಗ್ ಜಾಲತಾಣ. ಒಂದೇ ಪತ್ರವನ್ನು ಸಾವಿರ ಮಂದಿಗೆ ಕಳಿಸಿಯೂ ಬಾಗಿಲು ತೆರೆಯಿತಲ್ಲ ಎಂದು ಯಾರಾದರೂ ಕೇಳಬಹುದು. ತೆರೆಯಿತು, ಏಕೆಂದರೆ ಅಂಥ ಪತ್ರ ಆಗ ಹೊಸದು. ಈಗ ಹೆಸರೊಂದನ್ನು ಬದಲಿಸಿ ಊರೂರಿಗೆ ಕಳಿಸಿದ ಕೋರಿಕೆಯನ್ನು ಮನೆಯವರು ಎರಡನೇ ಸಾಲಿನಲ್ಲೇ ಗುರುತಿಸುತ್ತಾರೆ.

ಹಾಗಾದರೆ ಚಿಕ್ಕಜಾಲದ ಒಂದು ಮನೆಗೆ ಏನು ಬರೆಯಬೇಕು? ಮೊದಲನೆಯದಾಗಿ ಹೊತ್ತು. ಹೊರದೇಶದ ಎಷ್ಟೋ ವಿಮಾನಗಳು ಬೆಂಗಳೂರಿಗೆ ಇಳಿಯುವುದು ನಡುರಾತ್ರಿಯ ಮೇಲೆ. ನಿಲ್ದಾಣ ಹತ್ತಿರವೆಂದು ಎರಡು ಗಂಟೆಗೆ ಗೇಟು ತಟ್ಟಿದರೆ ಏಳಬೇಕಾದವರು ಬೆಳಗಿನ ಪಾಳಿಗೆ ಹೋಗಬೇಕಾದ ಗಂಡನೋ, ಐದಕ್ಕೆ ಹಾಲು ಕರೆಯಬೇಕಾದ ಹೆಂಡತಿಯೋ ಆಗಿರುತ್ತಾರೆ. "ರಾತ್ರಿ ಒಂದೂವರೆಗೆ ಇಳಿಯುತ್ತೇನೆ, ಬೆಳಗಾಗುವ ತನಕ ನಿಲ್ದಾಣದಲ್ಲೇ ಇದ್ದು ಏಳು ಗಂಟೆಯ ಮೇಲೆ ಬರುತ್ತೇನೆ, ಶನಿವಾರ ಬೆಳಿಗ್ಗೆ ಹೊರಡುತ್ತೇನೆ" ಎಂಬ ಒಂದು ಸಾಲು, ನಿಮ್ಮ ಸಂಸ್ಕೃತಿಯನ್ನು ಗೌರವಿಸುತ್ತೇನೆ ಎಂಬ ಹತ್ತು ಸಾಲಿಗಿಂತ ಹೆಚ್ಚಿನ ಗೌರವ ತೋರಿಸುತ್ತದೆ. ಆಮೇಲೆ ಊಟ. ಮುದ್ದೆ, ಬಸ್ಸಾರು ಎಂದರೆ ಏನೆಂದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಖಾರ ಎಷ್ಟು ತಡೆಯುತ್ತದೆ, ಕಡಲೆಕಾಯಿ ಆಗುವುದಿಲ್ಲವೇ, ಮಾಂಸ ಬಿಟ್ಟಿದ್ದೀರಾ, ಇದನ್ನು ಹೇಳಬೇಕು. ಅಡುಗೆಯ ಭಾರ ಬೀಳುವುದು ಪತ್ರಕ್ಕೆ ಉತ್ತರ ಬರೆದವರ ಮೇಲಲ್ಲ, ಹೆಚ್ಚಿನ ಮನೆಗಳಲ್ಲಿ ಹೆಂಗಸರ ಮೇಲೆ. ಆದ್ದರಿಂದ ಪತ್ರ ಇಡೀ ಮನೆಗೆ ಬರೆದದ್ದಾಗಿರಬೇಕು: "ಅಮ್ಮನವರಿಗೂ ಒಪ್ಪಿಗೆಯಿದ್ದರೆ ಮಾತ್ರ" ಎಂಬ ಮಾತು ಅದರಲ್ಲಿ ಇರಲಿ. ಬಾಡಿಗೆ ಮನೆಯಾದರೆ ಓನರ್‌ ಒಪ್ಪಬೇಕು, ಟ್ಯಾಂಕರ್ ನೀರಿನ ಮನೆಯಾದರೆ ಒಬ್ಬರು ಹೆಚ್ಚಾದರೂ ಲೆಕ್ಕಕ್ಕೆ ಬರುತ್ತದೆ. ಇವು ಮನೆಯವರು ಬಾಯಿಬಿಟ್ಟು ಹೇಳಲು ಸಂಕೋಚಪಡುವ ಸಂಗತಿಗಳು. "ಅನುಕೂಲವಿಲ್ಲದಿದ್ದರೆ ಕಾರಣ ಹೇಳಬೇಕಿಲ್ಲ, ನನಗೆ ಬೇರೆ ವ್ಯವಸ್ಥೆ ಇದೆ" ಎಂದು ಬರುವವರೇ ಮೊದಲು ಬರೆದರೆ ಆ ಸಂಕೋಚ ಕರಗುತ್ತದೆ. ನಿಜವಾಗಿಯೂ ಬೇರೆ ವ್ಯವಸ್ಥೆ ಇರಬೇಕು, ಅಷ್ಟೇ.

ಗಟ್ಟಿಯಾದ ಆಕ್ಷೇಪವೊಂದು ಉಳಿಯುತ್ತದೆ. ಸುಳ್ಳುಗಾರನೂ ಚೆಂದದ ಪತ್ರ ಬರೆಯಬಲ್ಲ, ಬರವಣಿಗೆ ಬರದ ಒಳ್ಳೆಯವರು ಹಿಂದೆ ಬೀಳುತ್ತಾರೆ. ಇದು ನಿಜ, ಅದಕ್ಕೇ ಅಲಂಕಾರಕ್ಕಿಂತ ಪರೀಕ್ಷಿಸಬಹುದಾದ ವಿವರಕ್ಕೆ ಬೆಲೆ. ಏನು ಕೆಲಸ, ಎಲ್ಲಿ, ಹಿಂದೆ ಉಳಿದುಕೊಂಡ ಮನೆಯವರಲ್ಲಿ ಯಾರನ್ನು ಕೇಳಬಹುದು, ವಿಡಿಯೊ ಕರೆಯಲ್ಲಿ ಯಾವಾಗ ಸಿಗುತ್ತೇನೆ: ಇದಕ್ಕೆ ಭಾಷೆಯ ಬೆಡಗು ಬೇಡ, ತಪ್ಪುತಪ್ಪು ಇಂಗ್ಲಿಷಿನಲ್ಲೂ ಬರೆಯಬಹುದು. ಜಾಲತಾಣಗಳಲ್ಲಿನ ಹೊಗಳಿಕೆಯನ್ನು ಪೂರ್ತಿ ನಂಬುವಂತಿಲ್ಲ. ಎದುರಿನವರೂ ತಮ್ಮ ಬಗ್ಗೆ ಬರೆಯುತ್ತಾರೆಂದು ಗೊತ್ತಿರುವಾಗ ಕೆಟ್ಟದ್ದನ್ನು ಹೇಳಲು ಹೆಚ್ಚಿನವರು ಹಿಂಜರಿಯುತ್ತಾರೆ. ಒಂಟಿ ಹೆಂಗಸು ಮನೆಗೆ ಕರೆಯುವವಳಾಗಲಿ, ಬರುವವಳಾಗಲಿ, ಮೊದಲ ಭೇಟಿ ನಾಲ್ಕು ಜನರಿರುವ ದರ್ಶಿನಿಯಲ್ಲಿ ಆಗಲಿ ಎಂದು ಕೇಳಿದರೆ ಅದನ್ನು ಅವಮಾನವೆಂದು ತಿಳಿಯಬಾರದು. ಇನ್ನು ಕಾನೂನು ಇದ್ದೇ ಇದೆ. ವಿದೇಶಿಯರನ್ನು ಉಳಿಸಿಕೊಂಡವರು, ಖಾಸಗಿ ಮನೆಯವರೂ ಸೇರಿ, ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ಕೊಡಬೇಕು. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಬಂದ ದಿನವೇ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ ಕೊಡುತ್ತೇನೆ ಎಂದು ಪ್ರವಾಸಿಯೇ ಪತ್ರದಲ್ಲಿ ಬರೆದರೆ, ದಾಖಲೆ ಕೇಳುವ ಮುಜುಗರ ಮನೆಯವರಿಗೆ ತಪ್ಪುತ್ತದೆ, ಮುಂದೆ ಪೊಲೀಸರ ಪ್ರಶ್ನೆಗೆ ಅವರು ತಬ್ಬಿಬ್ಬಾಗುವುದೂ ತಪ್ಪುತ್ತದೆ.

ವಿನಿಮಯ ಎಂಬುದು ಬಿಟ್ಟಿ ವಸತಿಗೆ ಇಟ್ಟ ಚೆಂದದ ಹೆಸರು ಎನ್ನುವವರಿದ್ದಾರೆ. ಕೊಡುವುದೇನೆಂದು ಪತ್ರ ಹೇಳದಿದ್ದರೆ ಅವರ ಮಾತು ಸರಿಯೇ. ಕೊಡುವುದು ದೊಡ್ಡದಾಗಿರಬೇಕಿಲ್ಲ: ಒಂದು ಹೊತ್ತು ನಮ್ಮೂರಿನ ಅಡುಗೆ ಮಾಡುತ್ತೇನೆ, ಮಕ್ಕಳಿಗೆ ನಮ್ಮ ಭಾಷೆಯ ಒಂದು ಹಾಡು ಹೇಳಿಕೊಡುತ್ತೇನೆ, ಕೇಳದೆ ಫೋಟೊ ತೆಗೆಯುವುದಿಲ್ಲ. ವಿನಿಮಯವೆಂದ ಮೇಲೆ ಪರಿಚಯವೂ ಎರಡು ಕಡೆಯಿಂದ ಆಗಬೇಕು. ದೇವನಹಳ್ಳಿಯ ಚಕ್ಕೋತ ತೋಟದ ಮನೆಯಾಗಲಿ, ಸಾದಹಳ್ಳಿಯ ಅಪಾರ್ಟ್‌ಮೆಂಟಾಗಲಿ, ಬನ್ನಿ ಎಂದಷ್ಟೇ ಬರೆದರೆ ಸಾಲದು. ಮನೆಯಲ್ಲಿ ಎಷ್ಟು ಜನ, ಮಲಗಲು ಬೇರೆ ಕೋಣೆ ಇದೆಯೇ ಅಥವಾ ಹಾಲಿನಲ್ಲಿ ಹಾಸಿಗೆಯೇ, ನಾಯಿ ಕಟ್ಟಿಹಾಕಿರುತ್ತದೆಯೇ, ಅಡುಗೆಮನೆಗೆ ಹೊರಗಿನವರು ಹೋಗಬಹುದೇ, ಮದ್ಯ ನಡೆಯುತ್ತದೆಯೇ, ರಾತ್ರಿ ಎಷ್ಟು ಹೊತ್ತಿಗೆ ಗೇಟಿಗೆ ಬೀಗ ಬೀಳುತ್ತದೆ, ಇವನ್ನೆಲ್ಲ ಮನೆಯವರೂ ಮುಂಚೆಯೇ ಬರೆಯಬೇಕು. ಓದಿದ ಮೇಲೆ ಬರುವುದು ಬೇಡವೆಂದು ತೀರ್ಮಾನಿಸುವ ಹಕ್ಕು ಪ್ರವಾಸಿಗೂ ಇದೆ.